ವೋಲ್ಟೇಜಿಗೂ ಸರದಿ ಬೇಕು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳಲ್ಲಿ ಬೋರ್ ನಂಬಿದ ರೈತರ ದೂರು ಒಂದೇ: ‘ಕರೆಂಟ್ ಇದೆ, ವೋಲ್ಟೇಜ್ ಇಲ್ಲ.’ ಬೈಗುಳವೆಲ್ಲ ಇಲಾಖೆಗೆ. ಅದರಲ್ಲಿ ಅರ್ಧ ನ್ಯಾಯವಿದೆ. ಇನ್ನರ್ಧ ನಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇದೆ ಎಂಬುದು ನನ್ನ ವಾದ.

ಟಿ.ಸಿ.ಯಿಂದ ಹೊರಟ 415 ವೋಲ್ಟ್ ಪೂರ್ತಿ ಮೋಟರಿಗೆ ಸಿಗೋದಿಲ್ಲ. ದಾರಿಯ ತಂತಿಯೂ ಪಾಲು ಕೇಳುತ್ತೆ. ಓಡುವ ಮೋಟರು ಹೆಚ್ಚಿದಷ್ಟೂ ತಂತಿಯ ಪಾಲು ಹೆಚ್ಚು. ಏಳೂವರೆ ಎಚ್.ಪಿ. ಮೋಟರು ಸುಮಾರು 11 ಆಂಪ್ಸ್ ಎಳೆಯುತ್ತದೆ. ಲೈನು ಒಂದು ಕಿಲೋಮೀಟರ್, ಪ್ರತಿ ತಂತಿಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಕೊನೆಯಲ್ಲಿ ಒಂದೇ ಮೋಟರಿದ್ದರೆ ತಂತಿ ನುಂಗೋದು 10 ವೋಲ್ಟಿನೊಳಗೆ. ಹತ್ತು ಓಡಿದರೆ ಸುಮಾರು 95. ಮೋಟರಿಗೆ ಉಳಿಯೋದು 320. ಆಗ ಅದರ ತಿರುಗಿಸುವ ತಾಕತ್ತು ನೂರಕ್ಕೆ 60ಕ್ಕೆ ಇಳಿಯುತ್ತದೆ. ನೀರು ಮಾತ್ರ ಅದೇ ಆಳದಿಂದ ಎತ್ತಬೇಕು. ಹಾಗಾಗಿ ಹೆಚ್ಚು ಆಂಪ್ಸ್ ಎಳೆಯುತ್ತೆ, ವೋಲ್ಟೇಜ್ ಇನ್ನೂ ಬೀಳುತ್ತೆ, ವೈಂಡಿಂಗ್ ಸುಡುತ್ತೆ.

ಆಟೋ ಸ್ಟಾರ್ಟರ್ ಇದಕ್ಕೆ ತುಪ್ಪ ಸುರಿಯುತ್ತದೆ. ಕರೆಂಟ್ ಬಂದ ಕ್ಷಣ ಎಲ್ಲ ಮೋಟರೂ ಒಟ್ಟಿಗೆ ಎದ್ದರೆ ಒಂದೊಂದೂ ಐದಾರು ಪಟ್ಟು ಆಂಪ್ಸ್ ಕೇಳುತ್ತೆ. ಯಾವುದಕ್ಕೂ ವೇಗ ಹಿಡಿಯೋಕೆ ಆಗೋದಿಲ್ಲ.

ಒಂದು ಟಿ.ಸಿ.ಯ ರೈತರು ಕೂತು ಐದೈದು ಮೋಟರಿನ ಸರದಿ ಮಾಡಿಕೊಂಡರೆ ತಂತಿಯ ಪಾಲು ಅರ್ಧಕ್ಕಿಳಿಯುತ್ತದೆ. ಮೋಟರಿಗೆ 365ರ ಮೇಲೆ ಸಿಗುತ್ತದೆ. ‘ಅರ್ಧ ಹೊತ್ತು ಬಿಟ್ಟುಕೊಟ್ರೆ ತೋಟದ ಗತಿ ಏನು ಸ್ವಾಮಿ?’ ಅಂತ ಕೇಳುವವರಿದ್ದಾರೆ. ಮೋಟರಿನ ವೇಗ ಸ್ವಲ್ಪ ಇಳಿದರೂ ಆಳದ ಬೋರಿನಲ್ಲಿ ನೀರು ಬಹಳ ಕಮ್ಮಿಯಾಗುತ್ತದೆ. ಮೋಟರು ಸುಟ್ಟರೆ ಮೇಲೆತ್ತಿ, ರೀವೈಂಡ್ ಮಾಡಿಸಿ ಇಳಿಸುವವರೆಗೆ ತೋಟ ಒಣಗುತ್ತದೆ. ಲೆಕ್ಕ ನೀವೇ ಹಾಕಿ. ಜೊತೆಗೆ ಮೋಟರಿಗೆ ತಕ್ಕ ಕೆಪ್ಯಾಸಿಟರ್ ಹಾಕಿಸಿದರೆ ತಂತಿಯ ಆಂಪ್ಸ್ ಇನ್ನೂ ಇಳಿಯುತ್ತದೆ.

ಹಾಗಂತ ಇಲಾಖೆಗೆ ಬಿಡುಗಡೆಯಿಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಅದರ ವಿದ್ಯುತ್ತು ಹೋಗೋದು ದೊಡ್ಡ ಲೈನಿಗೆ. ನಮ್ಮ ರೋಗ ಇರೋದು ಕೊನೆಯ ಕಿಲೋಮೀಟರಿನಲ್ಲಿ. 11,000 ವೋಲ್ಟಿನ ಲೈನನ್ನು ಬೋರುಗಳ ಹತ್ತಿರಕ್ಕೆ ತಂದು ಸಣ್ಣ ಟಿ.ಸಿ.ಗಳನ್ನು ಕೂರಿಸಬೇಕು. ಅದನ್ನು ಗಟ್ಟಿಯಾಗಿ ಕೇಳೋಣ. ಆದರೆ ಸರದಿ ಹಾಕಿಕೊಳ್ಳೋಕೆ ಯಾರ ಮಂಜೂರಾತಿಯೂ ಬೇಕಿಲ್ಲ.