ದುಬಾರಿಯಾದುದೆಲ್ಲ ಉತ್ತಮವೇ?

ಆಕ್ಟೇನ್ ಅಂಕಿ ಏರಿದಷ್ಟೂ ಪೆಟ್ರೋಲಿನ ಶಕ್ತಿ ಹೆಚ್ಚೆಂದು ನಂಬಿ, ಅಧಿಕ ಬೆಲೆ ತೆರುವವರುಂಟು. ಈ ನಂಬಿಕೆ ಸರಿಯಲ್ಲ. ಆ ಅಂಕಿಯು ಇಂಧನದಲ್ಲಡಗಿದ ಶಾಖದ ಅಳತೆಯಲ್ಲ. ಸಿಲಿಂಡರಿನ ಒತ್ತಡದಲ್ಲಿ, ಕಿಡಿಯಿಂದೆದ್ದ ಜ್ವಾಲೆ ತಲಪುವ ಮುನ್ನವೇ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ. ಈ ಗುಣ ಸಾಲದಾದರೆ ಎಂಜಿನ್ ಬಡಿದಂತೆ ಸದ್ದುಮಾಡಿ, ಕ್ರಮೇಣ ಪಿಸ್ಟನ್ ಕೆಡಬಹುದು. ಆದರೆ 91 ಸಾಕೆಂದು ರಚಿಸಿದ ಎಂಜಿನ್ನಿಗೆ 100 ಆಕ್ಟೇನಿನ ಪೆಟ್ರೋಲ್ ತುಂಬುವುದು ಸಾಮಾನ್ಯವಾಗಿ ಹಣದ ಅಪವ್ಯಯವೇ ಸರಿ.

ಎಂಜಿನ್ ಎಣ್ಣೆಯ ಮಾತೂ ಇಂತಹುದೇ. 5ಡಬ್ಲ್ಯು-30 ಎಂಬಲ್ಲಿ ಮೊದಲನೆಯ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಎರಡನೆಯದು ಕಾದಾಗಿನ ಸ್ನಿಗ್ಧತೆಯನ್ನೂ ಸೂಚಿಸುತ್ತವೆ. ಮಂದವಾದುದೇ ಮೇಲೆಂದು ಸುರಿದರೆ, ಕಿರಿದಾದ ಸಂದುಗಳಿಗೆ ಅದು ತಡವಾಗಿ ತಲಪಿ ಸವೆತ ಹೆಚ್ಚೀತು. ವಾಹನದ ಕೈಪಿಡಿಯಲ್ಲಿ ಹೇಳಿದುದನ್ನೇ ಬಳಸುವುದು ಜಾಣತನ. ಬೆಲೆಯು ಗುಣಕ್ಕೆ ಸಾಕ್ಷಿಯಲ್ಲ.