ಗೋಕರ್ಣಕ್ಕೆ ಹೊರಟವರಲ್ಲಿ ಒಂದು ವಿನಂತಿ

ಶನಿವಾರ ಬೆಳಗಿನ ಜಾವ ಬಸ್ಸಿಳಿದು ಸೀದಾ ಓಂ ಬೀಚಿಗೆ ಹೋಗುವುದು, ಭಾನುವಾರ ರಾತ್ರಿಯ ಬಸ್ಸು ಹಿಡಿದು ಮರಳುವುದು. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಗೋಕರ್ಣಕ್ಕೆ ಬರುವ ಎಷ್ಟೋ ಜನರ ಪ್ರವಾಸ ಇಷ್ಟರಲ್ಲೇ ಮುಗಿಯುತ್ತದೆ. ಸಾಲು ರಜೆ ಬಂತೆಂದರೆ ಕಾರುಗಳು ಎದುರುಬದುರು ನಿಂತು ಊರಿನ ಸಣ್ಣ ರಸ್ತೆಗಳೇ ಕಟ್ಟಿಹೋಗುತ್ತವೆ. ಬರಬೇಡಿ ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಕಾಳಿದಾಸನ ರಘುವಂಶದಲ್ಲೇ ಹೆಸರು ಬಂದಿರುವ ಕ್ಷೇತ್ರವಿದು, ಪರಊರಿನವರು ಬಂದೇ ಬೆಳೆದ ಊರು. ಬನ್ನಿ. ಆದರೆ ಒಂದು ದಿನ ಹೆಚ್ಚು ಇಟ್ಟುಕೊಂಡು ಬನ್ನಿ, ಬಂದಮೇಲೆ ಇಲ್ಲಿಯವರ ಮಾತಿಗೆ ಕಿವಿಗೊಡಿ.

ಮೊದಲು ಕಡಲಿನ ವಿಷಯ, ಏಕೆಂದರೆ ಅದು ಜೀವದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮೀನು ಮರಿಮಾಡುವ ಕಾಲವದು, ಕಡಲು ಅಬ್ಬರಿಸುವ ಕಾಲವೂ ಹೌದು. ಹುಟ್ಟಿದಾಗಿನಿಂದ ಕಡಲನ್ನೇ ನಂಬಿದವರು ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿರುವಾಗ, ಈಜುಕೊಳದಲ್ಲಿ ಕಲಿತ ಈಜನ್ನು ನಂಬಿ ನೀವು ಅಲೆಗೆ ಎದೆಯೊಡ್ಡಬಾರದು.

ಮಳೆಗಾಲ ಮುಗಿಯಿತೆಂದರೆ ಭಯವಿಲ್ಲ ಎಂದೂ ತಿಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರಕ್ಕೆ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲವಲ್ಲ, ಆದರೂ ಕಡಲಿನ ಸೆಳೆತ ಇದ್ದೇ ಇರುತ್ತದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕು. ಮರಳಿನ ನಡುವೆ ತಗ್ಗಾದ ಜಾಗ ಸಿಕ್ಕಿದರೆ ಅಲ್ಲಿಂದಲೇ ರಭಸವಾಗಿ ಕಡಲೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಅಂಥ ಕಡೆ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ತುಸು ಕಪ್ಪಾಗಿ ಕಾಣುತ್ತದೆ. ಹೊಸಬರು ಮಕ್ಕಳನ್ನು ಆಡಿಸಲು ಹೆಚ್ಚಾಗಿ ಆರಿಸಿಕೊಳ್ಳುವುದು ಆ ಜಾಗವನ್ನೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಲು ಹೋಗಬೇಡಿ. ಎಂಥ ಈಜುಗಾರನೂ ಅಲ್ಲೇ ದಣಿದು ಸೋಲುತ್ತಾನೆ. ಮೇಲೆ ತೇಲುತ್ತ ಕೈಯೆತ್ತಿ ಕೂಗಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ಅಲೆಗಳ ಜೊತೆಗೆ ದಡಕ್ಕೆ ಬನ್ನಿ. ದಡದಲ್ಲಿರುವವರು ಗಾಬರಿಯಲ್ಲಿ ಹಿಂದೆಯೇ ಧುಮುಕಬಾರದು. ಹಗ್ಗ, ಖಾಲಿ ಕ್ಯಾನು, ತೇಲುವಂಥದ್ದು ಏನು ಸಿಕ್ಕರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಪ್ರವಾಸ ಕರೆತರುವ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ: ಬಸ್ಸಿನಿಂದ ಇಳಿಯುವ ಮೊದಲೇ ಮಕ್ಕಳಿಗೆ ಇದನ್ನು ಹೇಳಿ. ಜೀವರಕ್ಷಕರಿಲ್ಲದ ಕಡೆ ಪಾದ ತೋಯಿಸುವುದಕ್ಕಿಂತ ಮುಂದೆ ಯಾರನ್ನೂ ಬಿಡಬೇಡಿ. ಕುಡಿದು ನೀರಿಗಿಳಿಯುವ ದೊಡ್ಡವರಿಗೆ ಇದಕ್ಕಿಂತ ಗಟ್ಟಿಯಾಗಿ ಹೇಳಬೇಕು, ಅದನ್ನು ಜೊತೆಗೆ ಬಂದ ಗೆಳೆಯರೇ ಹೇಳಬೇಕು. ಓಂ ಬೀಚಿನ ಬಂಡೆಗಳ ಮೇಲೆ ಪಾಚಿಯಿದೆ. ಫೋಟೋಗೆಂದು ತುದಿಗೆ ಹೋಗಬೇಡಿ. ಡಾಲ್ಫಿನ್ ನೋಡಲು ದೋಣಿ ಹತ್ತುವವರು ಸೆಕೆಯೆಂದು ಲೈಫ್ ಜಾಕೆಟ್ ಬಿಚ್ಚಬೇಡಿ.

ಇನ್ನು ಆ ಹೆಚ್ಚಿನ ದಿನದ ಮಾತು. ಬೆಳಿಗ್ಗೆ ಬಿಸಿಲೇರುವ ಮೊದಲು ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ದಾರಿಯಲ್ಲಿ ನಡೆಯಿರಿ. ಕಾಲಡಿ ಕೆಂಪು ಮುರಕಲ್ಲು, ಕೆಳಗೆ ಕಡಲು. ಶಕ್ತಿಯಿದ್ದವರು ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೂ ಹೋಗಬಹುದು. ಕತ್ತಲಾಗುವ ಮೊದಲು ಮರಳುವಂತೆ ನೋಡಿಕೊಳ್ಳಿ. ರಥಬೀದಿಯಲ್ಲಿ ಮಹಾಗಣಪತಿಯನ್ನು ನೋಡಿ, ಮಹಾಬಲೇಶ್ವರನ ಗುಡಿಗೆ ಹೋಗುವವರು ಪಂಚೆ, ಸೀರೆ ಜೊತೆಗಿಟ್ಟುಕೊಳ್ಳಿ. ಕೋಟಿತೀರ್ಥದ ಮೆಟ್ಟಿಲ ಮೇಲೆ ತೀರಿಹೋದವರಿಗೆ ಪಿಂಡ ಬಿಡುತ್ತಿರುವ ಕುಟುಂಬಗಳಿರುತ್ತವೆ. ಅವರ ದುಃಖದ ಹೊತ್ತಿನಲ್ಲಿ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ.

ನನ್ನನ್ನು ಕೇಳಿದರೆ ಈ ಸೀಮೆಯ ನಿಜವಾದ ಬೆರಗು ಇರುವುದು ದಕ್ಷಿಣಕ್ಕೆ, ತದಡಿ ಮತ್ತು ಸಾಣಿಕಟ್ಟಾ ಕಡೆ. ಅಘನಾಶಿನಿ ನದಿ ಶಿರಸಿಯ ಹತ್ತಿರ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಇಲ್ಲಿ ಕಡಲು ಸೇರುತ್ತದೆ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಭರತದ ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ರೈತರು ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿಯದು. ಕೊಯ್ಲಾದ ಮೇಲೆ ಅದೇ ಗದ್ದೆಗಳಲ್ಲಿ ಶೆಟ್ಲಿ (ಸಿಗಡಿ), ಮೀನು. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುತ್ತಾರೆ. ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೇ ಒಣಗಿಸಿ ತೆಗೆದ ಉಪ್ಪು ಪ್ಯಾಕೆಟ್ ಉಪ್ಪಿನಷ್ಟು ಬೆಳ್ಳಗಿಲ್ಲ; ಉಪ್ಪಿನಕಾಯಿಗೆ ಅದೇ ಬೇಕೆನ್ನುವ ಮನೆಗಳು ಈ ಕಡೆ ಬೇಕಾದಷ್ಟಿವೆ. 1930ರಲ್ಲಿ ಉಪ್ಪಿನ ಕಾನೂನು ಮುರಿದ ಅಂಕೋಲೆಯೂ ದೂರವಿಲ್ಲ. ಒಂದು ಕೆಜಿ ಉಪ್ಪು, ಸಿಕ್ಕರೆ ಒಂದಿಷ್ಟು ಕಗ್ಗದ ಅಕ್ಕಿ ಕೊಂಡುಹೋಗಿ. ನಿಮ್ಮ ಹಣ ನೇರವಾಗಿ ಇಲ್ಲಿ ದುಡಿಯುವವರ ಕೈ ಸೇರಲಿ. ಸಂಜೆ ಉಳಿದರೆ ಮಿರ್ಜಾನ್ ಕೋಟೆ ಇದೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡದ್ದು.

ಕಸದ ಬಗ್ಗೆ ಎಲ್ಲರಿಗೂ ಗೊತ್ತು, ಆದರೂ ಒಂದು ಮಾತು ಹೇಳಲೇಬೇಕು. ಬಿಯರ್ ಬಾಟಲಿ ಒಡೆದು ಮರಳಿನಲ್ಲಿ ಹೂತರೆ ಅದು ಮರೆಯಾದಂತೆ ಕಾಣಬಹುದು. ಆದರೆ ದಡದಿಂದ ಬಲೆ ಎಳೆಯುವವರು ಬರಿಗಾಲಲ್ಲಿ ಇದೇ ಮರಳಿಗೆ ಕಾಲೂರಿ ಎಳೆಯುತ್ತಾರೆ. ಅಂಗಾಲು ಸೀಳಿದರೆ ಎಷ್ಟೋ ದಿನ ಕೂಲಿಯಿಲ್ಲ. ಚಳಿಗಾಲದಲ್ಲಿ ಈ ಜಿಲ್ಲೆಯ ಮರಳ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಕಣ್ಣುಕುಕ್ಕುವ ಬೆಳಕು, ಅಬ್ಬರದ ಹಾಡು ಬೇಡ. ಒಂದು ಚೀಲ ತನ್ನಿ, ನಿಮ್ಮ ಖಾಲಿ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ಅದರಲ್ಲೇ ತುಂಬಿ ವಾಪಸ್ ಒಯ್ಯಿರಿ. ಇದು ಸಣ್ಣ ಊರು. ಒಂದು ವಾರಾಂತ್ಯದ ಕಸವನ್ನು ವಿಲೇವಾರಿ ಮಾಡುವುದೇ ಇಲ್ಲಿಯ ಪಂಚಾಯಿತಿಗೆ ದೊಡ್ಡ ಹೊರೆ.

ಆದಷ್ಟು ಕಾರು ಬಿಟ್ಟು ಬನ್ನಿ. ಗೋಕರ್ಣ ರೋಡ್ ರೈಲು ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ., ಕುಮಟಾ, ಅಂಕೋಲಾದಿಂದ ಬಸ್ಸುಗಳಿವೆ. ಸಾಲು ರಜೆಯ ಬದಲು ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ಬೇಸಿಗೆಯ ಆರಂಭದಲ್ಲಿ ಬಂದರೆ ಆಗರದಲ್ಲಿ ಉಪ್ಪಿನ ರಾಶಿ ನೋಡಬಹುದು, ಮಳೆ ಇಳಿಯುವ ಹೊತ್ತಿಗೆ ಬಂದರೆ ಗಜನಿಯಲ್ಲಿ ಕಗ್ಗದ ಹಸಿರು. ಶಿವರಾತ್ರಿಯ ರಥ ನೋಡಲು ಬರುವವರು ಮಾತ್ರ ಕೋಣೆಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಂಡು ಬನ್ನಿ.