ನೆಲದ ಕಾಳು, ಚೀಲದ ಕಾಳು

ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಮಾರುಕಟ್ಟೆ ಪ್ರಾಂಗಣಕ್ಕೆ ಒಮ್ಮೆ ಹೋಗಿ ನೋಡಬೇಕು. ಟ್ರ್ಯಾಕ್ಟರುಗಳಿಂದ ನೆಲ್ಲಿನ ಚೀಲಗಳು ಇಳಿಯುತ್ತಿರುತ್ತವೆ. ಹಮಾಲರ ಕೊಂಡಿ ಕಚ್ಚಿದ ಕಡೆಯಲ್ಲೆಲ್ಲ ಚೀಲದಿಂದ ನಾಲ್ಕು ಕಾಳು ನೆಲಕ್ಕೆ ಸುರಿಯುತ್ತವೆ. ಹರಾಜು ಮುಗಿದು ಜನ ಚದುರುವ ಹೊತ್ತಿಗೆ ಕೈಯಲ್ಲಿ ಕಸಬರಿಗೆ, ಕಂಕುಳಲ್ಲಿ ಮೊರ ಹಿಡಿದ ಹೆಂಗಸರು ಬರುತ್ತಾರೆ. ಮಣ್ಣು, ಹೊಟ್ಟು, ಬೀಡಿ ತುಂಡು ಎಲ್ಲವನ್ನೂ ಒಟ್ಟಿಗೇ ಗುಡಿಸಿ ಗುಪ್ಪೆ ಹಾಕುತ್ತಾರೆ. ಗಾಳಿ ಬೀಸುವ ಕಡೆ ಬೆನ್ನು ಕೊಟ್ಟು ಕೂತು ಕೇರುತ್ತಾರೆ. ಮೊರವನ್ನು ಒಮ್ಮೆ ಮೇಲೆ ಹಾರಿಸಿ, ಒಮ್ಮೆ ಪಕ್ಕಕ್ಕೆ ತಟ್ಟಿದರೆ ಮಣ್ಣು ಒಂದು ಅಂಚಿಗೆ, ಕಾಳು ಇನ್ನೊಂದು ಅಂಚಿಗೆ ಸರಿಯುತ್ತವೆ.

ಅಲ್ಲೊಬ್ಬ ಮುದುಕಿಯ ಪಕ್ಕದಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ. ಆಕೆ ಗುಡಿಸುತ್ತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ಚೀಲವೊಂದು ಬಾಯಿ ಬಿಚ್ಚಿಕೊಂಡು ಅದರ ಬುಡದಲ್ಲಿ ಬೊಗಸೆ ತುಂಬ ನೆಲ್ಲು ಬಿದ್ದಿತ್ತು. ಹತ್ತಿರ ಯಾರೂ ಇರಲಿಲ್ಲ. "ಯವ್ವಾ, ಅಲ್ಲಿ ಅಷ್ಟು ಬಿದ್ದೈತಲ್ಲ, ಅದನ್ನ ತಗೋಬಾರ್ದಾ?" ಅಂದೆ. ಆಕೆ ತಲೆ ಎತ್ತದೆ ಹೇಳಿದಳು: "ಅದು ಚೀಲದ್ದೈತಪ್ಪಾ. ನಂದು ನೆಲದ್ದು."

ಮೊದಲ ಸಲ ಕೇಳಿದ್ದ ಮಾತಾದರೂ ಎಲ್ಲೋ ಕೇಳಿದ ಮಾತೇ ಅನ್ನಿಸಿತು. ಆ ಊರಿನಿಂದ ಬಹಳ ದೂರವಿಲ್ಲ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಅಲ್ಲಿಂದಲೇ ಕಲ್ಯಾಣಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. 12ನೇ ಶತಮಾನದ ಕಲ್ಯಾಣದಲ್ಲಿ ಅವರ ಕಾಯಕ ಇದೇ ಆಗಿತ್ತು. ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು, ಅದನ್ನು ತಂದು ಅಡುಗೆ ಮಾಡುವುದು, ಜಂಗಮರಿಗೆ ಉಣಿಸಿ ಉಳಿದದ್ದನ್ನು ತಾವು ಉಣ್ಣುವುದು.

ಅವರ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಾರಯ್ಯ ಒಂದು ದಿನ ಅನುಭವದ ಗೋಷ್ಠಿಯಲ್ಲಿ ಅಲ್ಲಮಪ್ರಭುವಿನ ಮಾತಿಗೆ ಮೈಮರೆತು ಕೂತುಬಿಟ್ಟ. ಹೊತ್ತು ಏರಿತು. ಲಕ್ಕಮ್ಮ ಅವನನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದಳು. ಜಗತ್ತಿನ ದೊಡ್ಡ ಜ್ಞಾನಿಯೊಬ್ಬ ಎದುರಿಗೆ ಮಾತಾಡುತ್ತಿರುವಾಗ, ಗಂಡನಿಗೆ ಅಕ್ಕಿ ಆಯುವ ಹೊತ್ತಾಯಿತೆಂದು ನೆನಪಿಸಿದ ಹೆಂಗಸು ಆಕೆ. ಮಾರಯ್ಯ ಎದ್ದು ಹೋದ. ಅಂದು ಅಂಗಳದಲ್ಲಿ ಅಕ್ಕಿ ಎಂದಿಗಿಂತ ಹೆಚ್ಚು ಚೆಲ್ಲಿತ್ತು. ಬಸವಣ್ಣನೇ ಹಾಗೆ ಚೆಲ್ಲಿಸಿದ್ದನೆಂದು ಕಥೆ. ಮಾರಯ್ಯ ಸಂತೋಷದಿಂದ ಗಂಟು ತುಂಬಿಸಿಕೊಂಡು ಬಂದ. ಲಕ್ಕಮ್ಮ ಗಂಟು ಎತ್ತಿ ನೋಡಿದಳು. ದಿನದ ತೂಕವಲ್ಲ. ಇಷ್ಟು ಆಸೆ ಯಾಕೆ ಬಂತು ಎಂದು ಕೇಳಿದಳು. ಹೆಚ್ಚಾದದ್ದನ್ನು ತಂದ ಕಡೆಯೇ ಸುರಿದು ಬರಲು ಹೇಳಿದಳು. ಆಮೇಲೆ ಉಳಿದ ಅಷ್ಟರಲ್ಲೇ ಕಲ್ಯಾಣದ ಜಂಗಮರಿಗೆಲ್ಲ ಉಣಬಡಿಸಿದಳು.

ದೇವರು ಸಾಮಾನ್ಯರನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತಾನೆ ಎಂಬ ಮಾತನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿದಾಗ ಕಣ್ಣಿಗೆ ಕಟ್ಟುವುದು ಬಡವನೊಬ್ಬ ಇದ್ದಕ್ಕಿದ್ದಂತೆ ದೊಡ್ಡವನಾಗುವ ಚಿತ್ರ. ಕುರಿ ಕಾಯುವವನ ಹೆಗಲ ಮೇಲೆ ಶಲ್ಯ ಬೀಳುತ್ತದೆ, ಕಟ್ಟಿಗೆ ಹೊರುವವನ ತಲೆಗೆ ಪೇಟ ಏರುತ್ತದೆ. ಲಕ್ಕಮ್ಮನ ಕಥೆಯಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಕಥೆ ಶುರುವಾದಾಗ ಆಕೆ ಅಕ್ಕಿ ಆಯುವವನ ಹೆಂಡತಿ, ಮುಗಿದಾಗಲೂ ಅಷ್ಟೇ. ಮಾರನೆಯ ದಿನವೂ ಅಂಗಳಕ್ಕೆ ಹೋಗಲೇಬೇಕು. ಅಕ್ಕಿ ಮುತ್ತಾಗಲಿಲ್ಲ, ಅಕ್ಕಿಯಾಗಿಯೇ ಬೆಂದಿತು. ಇದನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ದೇವರು ಲಕ್ಕಮ್ಮನ ಕೈ ಹಿಡಿದದ್ದು ಆಕೆಯ ಬಡತನವನ್ನು ನೋಡಿ ಎಂದೂ ನಾನು ಹೇಳಲಾರೆ. ಬಡತನದಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಹಸಿದ ಮನೆಯಲ್ಲಿ ಬೆಳೆದವರಿಗೆ ಅದು ಗೊತ್ತು. ಆಕೆಯಲ್ಲಿದ್ದದ್ದು ಅಳತೆ. ಎಷ್ಟು ತನ್ನದು, ಎಲ್ಲಿಂದಾಚೆಗೆ ತನ್ನದಲ್ಲ ಎಂಬುದನ್ನು ಕೈಯಲ್ಲಿ ಎತ್ತಿದ ಕೂಡಲೇ ಹೇಳಬಲ್ಲ ಅಳತೆ. ಅಂಥವರ ಕೈಗೆ ಬಂದದ್ದು ಅಲ್ಲೇ ನಿಲ್ಲುವುದಿಲ್ಲ, ದಾಟಿಹೋಗುತ್ತದೆ. ದಾಟಬೇಕಾದದ್ದನ್ನು ದೇವರು ಅಂಥ ಕೈಗೇ ಕೊಡುತ್ತಾನೆಂದು ನಾನು ನಂಬಿದ್ದೇನೆ.

ಕಲ್ಯಾಣದ ಇನ್ನೊಬ್ಬ ಶರಣ ನುಲಿಯ ಚಂದಯ್ಯನ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡುತ್ತಿದ್ದವನು ಆತ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಲ್ಲಿದ್ದ ಇಷ್ಟಲಿಂಗ ಜಾರಿ ಬಿತ್ತು. ಚಂದಯ್ಯ ತಿರುಗಿ ನೋಡಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಅವನ ಬೆನ್ನು ಹತ್ತಿತು. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ನಿಂತು ನ್ಯಾಯ ಹೇಳಬೇಕಾಯಿತು. ಲಿಂಗವೂ ಕಾಯಕ ಮಾಡಲಿ ಎಂದು ತೀರ್ಮಾನವಾಯಿತು. ಹಗ್ಗ ಮಾರುವ ಕೆಲಸ ದೇವರ ಪಾಲಿಗೆ ಬಂತು. ದೇವರು ಹಗ್ಗವನ್ನು ಬಸವಣ್ಣನ ಹತ್ತಿರ ಒಯ್ದು ಸಾವಿರ ಹೊನ್ನು ತಂದಾಗ ಚಂದಯ್ಯನಿಗೆ ಸಿಟ್ಟು ಬಂತು. ಹಗ್ಗದ ಬೆಲೆ ಅಷ್ಟಿಲ್ಲ, ತಿರುಗಿ ಕೊಟ್ಟು ಬಾ ಎಂದ. ಈ ಕಥೆಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದೇವರು ಮನುಷ್ಯನನ್ನು ಬಳಸಿಕೊಳ್ಳುವ ಕಥೆಗಳು ಎಲ್ಲ ನಾಡುಗಳಲ್ಲೂ ಇರಬಹುದು. ಬಳಕೆಗೆ ಒದಗಲು ತಾನೇ ಹಿಂದೆ ಬಿದ್ದು ಬಂದ ದೇವರನ್ನು, ವ್ಯಾಪಾರದಲ್ಲಿ ಅಳತೆ ತಪ್ಪಿದ್ದಕ್ಕೆ ಭಕ್ತನಿಂದ ಬೈಸಿಕೊಂಡ ದೇವರನ್ನು ಕಂಡದ್ದು ನಮ್ಮ ಹಗ್ಗ ಹೊಸೆಯುವವರು.

ಹೀಗೆ ಬಳಕೆಗೆ ಸಿಕ್ಕವರಿಗೆಲ್ಲ ಸುಖ ಸಿಕ್ಕಿತೆಂದಲ್ಲ. ಚಮ್ಮಾರ ಹರಳಯ್ಯನ ಗತಿ ಏನಾಯಿತೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಮಗನ ಮದುವೆಯನ್ನು ಬ್ರಾಹ್ಮಣ ಮಧುವರಸನ ಮಗಳ ಜೊತೆ ಮಾಡಿದ್ದಕ್ಕೆ ಇಬ್ಬರೂ ಬೀಗರು ಪ್ರಾಣ ತೆತ್ತರು. ಕಲ್ಯಾಣ ಹೊತ್ತಿ ಉರಿಯಿತು. ಶರಣರು ದಿಕ್ಕುಪಾಲಾದರು, ಕೆಲವರು ಉಳವಿಯ ಕಾಡಿನವರೆಗೂ ನಡೆದರು.

ಅಲ್ಲಿಂದ ಮುಂದೆ, ಅವರ ವಚನಗಳು ಉಳಿದುಬಂದ ಕಥೆ ಮನುಷ್ಯರಿಗಿಂತ ಹೆಚ್ಚಾಗಿ ಒಂದು ಎಲೆಯದು.

ತಾಳೆಯ ಗರಿ. ಗುಡಿಸಲಿಗೆ ಹೊದಿಸಲು, ಬೀಸಣಿಗೆ ಮಾಡಲು ಬಳಸುವ ಗರಿ. ಅದನ್ನು ಕುದಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಕೊರೆದು ಬರೆಯುತ್ತಿದ್ದರು. ಕೊರೆದಾಗ ಅಕ್ಷರ ಕಾಣುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಬಳಿದು ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಲ್ಲುತ್ತದೆ, ಮಾತು ಮೇಲೇಳುತ್ತದೆ. ಪದಗಳ ನಡುವೆ ತೆರಪಿಲ್ಲ. ಹ್ರಸ್ವ ದೀರ್ಘದ ಗುರುತೂ ಎಷ್ಟೋ ಕಡೆ ಇಲ್ಲ. ಬರೆದವರ ಬೆನ್ನು ಬಾಗಿತು, ಕಣ್ಣು ಮಂಜಾಯಿತು. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು ಕೊನೆಯಲ್ಲಿ ಬೇಡಿಕೊಂಡ ಲಿಪಿಕಾರರು ಎಷ್ಟೋ ಮಂದಿ. ಬಹುಪಾಲು ಜನರ ಹೆಸರೂ ನಮಗೆ ಉಳಿದಿಲ್ಲ. ಗರಿಯ ಆಯುಸ್ಸು ಸಾಮಾನ್ಯವಾಗಿ ಕೆಲವು ಶತಮಾನ. ಹಳೆಯ ಗರಿ ಮುರಿಯುವ ಮುನ್ನ ಯಾರೋ ಹೊಸ ಗರಿಗೆ ಇಳಿಸಬೇಕು. ಅದು ಮುರಿಯುವ ಮುನ್ನ ಇನ್ನೊಬ್ಬರು. ಎಂಟು ನೂರು ವರ್ಷ ಹೀಗೆ ನಡೆಯಿತು.

ನನ್ನ ಸೋದರಮಾವನ ಮನೆಯ ದೇವರ ಜಗಲಿಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ನವರಾತ್ರಿಯಲ್ಲಿ ಅದಕ್ಕೆ ವಿಭೂತಿ, ಕುಂಕುಮ, ಹೂ. "ಇದರಾಗ ಏನೈತಿ ಆಯಿ?" ಎಂದು ಕೇಳಿದರೆ ಅಜ್ಜಿ, "ದೇವರು ಅದಾನ, ಮುಟ್ಟಬ್ಯಾಡ" ಅನ್ನುತ್ತಿದ್ದಳು. ಆಕೆ ಹೋದ ಮೇಲೆ ಬಿಚ್ಚಿದೆವು. ದಾರ ಕೈಯಲ್ಲೇ ಪುಡಿಯಾಯಿತು. ಅರ್ಧ ಗರಿಗಳನ್ನು ಹುಳ ತಿಂದಿತ್ತು. ಓದಲು ಬಲ್ಲವರೊಬ್ಬರಿಗೆ ತೋರಿಸಿದಾಗ ತಿಳಿದದ್ದು ಇಷ್ಟು: ಕೆಲವು ಗರಿಗಳಲ್ಲಿ ದನಗಳ ಔಷಧ, ಎರಡರಲ್ಲಿ ಯಾರೋ ಯಾರಿಗೋ ಕೊಡಬೇಕಾದ ಜೋಳದ ಲೆಕ್ಕ, ಉಳಿದವುಗಳಲ್ಲಿ ವಚನ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರು. ಅಜ್ಜಿ ಹೇಳಿದ್ದು ಸುಳ್ಳಾಗಿರಲಿಲ್ಲ, ದೇವರು ಅದರಲ್ಲಿ ಇದ್ದ. ನಾವು ಮುಟ್ಟದೆ ಇದ್ದದ್ದೇ ತಪ್ಪಾಯಿತು.

20ನೇ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ನೂರಾರು ಜಗಲಿಗಳ ಸ್ಥಿತಿ ಇದೇ ಆಗಿತ್ತು. ವಚನಗಳನ್ನು ಪೂಜಿಸುವವರಿದ್ದರು, ಓದುವವರು ವಿರಳ. ಆಗ ವಿಜಯಪುರದ ಒಬ್ಬ ವಕೀಲರು ಊರೂರು ತಿರುಗಿ, ಬೇಡಿ, ಕಾಡಿ ಆ ಗಂಟುಗಳನ್ನು ಬಿಚ್ಚಿಸಿದರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಅವರು ಭಾಷಾವಿಜ್ಞಾನಿಯಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಹಗಲು ಕೋರ್ಟು, ರಾತ್ರಿ ಗರಿ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಮುದ್ರಣಕ್ಕೆಂದು ಇದ್ದ ಮನೆಯನ್ನೇ ಮಾರಿ 'ಹಿತಚಿಂತಕ' ಎಂಬ ಛಾಪಖಾನೆ ಹಾಕಿದರು, ತಾವು ಬಾಡಿಗೆ ಮನೆಗೆ ಹೋದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾಯಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಅವರ ಸಂಗ್ರಹಕ್ಕಿಂತ ಮೊದಲು ವಚನಕಾರರೆಂದರೆ ಜನಕ್ಕೆ ಗೊತ್ತಿದ್ದದ್ದು ಕೆಲವೇ ಹೆಸರುಗಳು. ಹಳಕಟ್ಟಿಯವರ ದುಡಿಮೆಯಿಂದ ಇನ್ನೂರಕ್ಕೂ ಹೆಚ್ಚು ಮಂದಿ ಬೆಳಕಿಗೆ ಬಂದರು.

ಅವರನ್ನು ವಚನ ಪಿತಾಮಹ ಎನ್ನುತ್ತೇವೆ. ಅವರ ಹುಟ್ಟಿದ ದಿನವಾದ ಜುಲೈ 2ರಂದು ವಚನ ಸಾಹಿತ್ಯ ಸಂರಕ್ಷಣಾ ದಿನ ಆಚರಿಸುತ್ತೇವೆ. ನನಗೆ ಅವರಲ್ಲಿ ಕಾಣುವುದು ಲಕ್ಕಮ್ಮನ ಅಳತೆಯೇ. ವಿಜಯಪುರದಲ್ಲಿ ಬ್ಯಾಂಕು ಕಟ್ಟಿದವರು ಅವರು, ಶಿಕ್ಷಣ ಸಂಸ್ಥೆ ಕಟ್ಟಿದವರು ಅವರು. ಮನಸ್ಸು ಮಾಡಿದ್ದರೆ ನಾಲ್ಕು ತಲೆಮಾರಿಗೆ ಆಗುವಷ್ಟು ಕೂಡಿಡಬಹುದಿತ್ತು. ಕೈಗೆ ಬಂದದ್ದನ್ನು ದಾಟಿಸುತ್ತಲೇ ಹೋದರು. 1964ರಲ್ಲಿ ತೀರಿಕೊಂಡಾಗ ಅವರ ಹಿಂದೆ ಉಳಿದ ಆಸ್ತಿ ಎಂದರೆ ಅಚ್ಚಾದ ಪುಟಗಳು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ಆ ಸಂಪುಟಗಳ ಹಿಂದೆ ಇರುವುದು ಆ ಛಾಪಖಾನೆ, ಅದರ ಹಿಂದೆ ಜಗಲಿಯ ಗಂಟು, ಅದರ ಹಿಂದೆ ಹೆಸರಿಲ್ಲದ ಲಿಪಿಕಾರ, ಅವನ ಹಿಂದೆ ಅಂಗಳದಲ್ಲಿ ಬಿದ್ದ ಅಕ್ಕಿ.

ಕಾಯಕದ ಬಗ್ಗೆ ನಾವು ಸರ್ಕಾರಿ ಕಚೇರಿಗಳ ಗೋಡೆಯ ಮೇಲೆಲ್ಲ ಬರೆಸಿಕೊಂಡಿರುವ 'ಕಾಯಕವೇ ಕೈಲಾಸ' ಎಂಬ ಮಾತು ಇದ್ದದ್ದು ಮಾರಯ್ಯನ ವಚನದಲ್ಲಿ. ಅಕ್ಕಿ ಆಯುವವನೊಬ್ಬ ಹೇಳಿದ ಮಾತು ಅದು ಎಂದು ಎಷ್ಟು ಜನಕ್ಕೆ ಗೊತ್ತು? ಆ ಗೋಡೆಯ ಕೆಳಗೆ ಕೂತು ಚೀಲದ್ದಕ್ಕೂ ಕೈ ಹಾಕುವವರು ಲಕ್ಕಮ್ಮನ ಹೆಸರನ್ನಾದರೂ ಒಮ್ಮೆ ಕೇಳಬೇಕಿತ್ತು. ಆಕೆಯ ಇಪ್ಪತ್ತೈದರಷ್ಟು ವಚನಗಳು ನಮಗೆ ದೊರೆತಿವೆ. ಒಂದು ಸಂಜೆ ಸಾಕು ಎಲ್ಲವನ್ನೂ ಓದಲು. ಓದಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನೊಂದು ಬೇಡಿಕೆ ಇದೆ. ನಿಮ್ಮ ಮನೆಯ ಜಗಲಿಯಲ್ಲೋ, ಅಟ್ಟದಲ್ಲೋ, ಅಜ್ಜನ ಪೆಟ್ಟಿಗೆಯಲ್ಲೋ ಇನ್ನೂ ಅಂಥ ಗಂಟು ಇದ್ದರೆ ಈ ಸಲದ ನವರಾತ್ರಿಗೆ ಹೂ ಏರಿಸಿ ಸುಮ್ಮನಾಗಬೇಡಿ. ನೀವೇ ಎಣ್ಣೆ ಹಚ್ಚಬೇಡಿ, ನೀರಿನಲ್ಲಿ ಒರೆಸಬೇಡಿ, ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಇದ್ದಂತೆಯೇ ಒಯ್ದು ಬಲ್ಲವರಿಗೆ ತೋರಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರ ವಿಭಾಗವೇ ಇದೆ. ಮುರಿದ ಗರಿಯನ್ನೂ, ದನದ ಔಷಧದ ಗರಿಯನ್ನೂ ಎಸೆಯಬೇಡಿ. ಕಲ್ಯಾಣದಲ್ಲಿ ಭತ್ತ ಕುಟ್ಟಿ ಬದುಕಿದ ಕೊಟ್ಟಣದ ಸೋಮಮ್ಮನದು ನಮಗೆ ಉಳಿದಿರುವುದು ಒಂದೇ ಒಂದು ವಚನ.